ಯಾರ ಕಡೆಯವರು? — ಒಂದೇ ದಿನದ ಎರಡು ಪಂದ್ಯಗಳು

ನಮ್ಮ ಅಸಂಗಿ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕಾಸರಗೋಡಿನ ಓದುಗರಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕಾಗಲಿಕ್ಕಿಲ್ಲ. ಮರಾಠಿ ಎಂದಿರುವಲ್ಲಿ ಮಲಯಾಳ ಎಂದು ಓದಿಕೊಂಡರಾಯಿತು. 1967ರ ಮಹಾಜನ ವರದಿಯಲ್ಲಿಯೂ ನಾವು ನೀವು ಜೊತೆಗೇ ಇದ್ದೇವೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನೂ ಜತ್ತದ ಕಡೆಯ ಕನ್ನಡ ಹಳ್ಳಿಗಳನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಆ ವರದಿ ಹೇಳಿತು. ಎರಡೂ ಆಗಲಿಲ್ಲ.

ಇಂಥ ಊರಿನವರಿಗೆ ಕ್ರಿಕೆಟ್ಟಿನ ಕಾಲ ಬಂತೆಂದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಪಂದ್ಯ ಬಿದ್ದರೆ ನೀವು ಯಾರ ಕಡೆಯವರು? ಚಹದ ಅಂಗಡಿಯಲ್ಲಿ ಕೇಳಿದರೆ ಅದು ಚೇಷ್ಟೆ. ಆದರೆ 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ಪ್ರಸ್ತಾಪ ಎತ್ತಿ, ಎರಡು ರಾಜ್ಯಗಳ ನಡುವೆ ಮಾತಿಗೆ ಮಾತು ಬೆಳೆದಂಥ ದಿನಗಳಲ್ಲಿ ಕೇಳಿದರೆ ಅದು ಚೇಷ್ಟೆಯಲ್ಲ. ಕೇಳಿದವರು ನಮ್ಮ ಉತ್ತರವನ್ನು ತಕ್ಕಡಿಯಲ್ಲಿಟ್ಟು ನೋಡುತ್ತಾರೆ. ಹೀಗಾಗಿ ನಾನು ಉತ್ತರ ಕೊಡುವುದನ್ನು ಬಿಟ್ಟು, ಈ ಪ್ರಾಂತಗಳ ತಂಡಗಳು ಹುಟ್ಟಿದ ಕತೆಯನ್ನೇ ಹೇಳುವ ರೂಢಿ ಮಾಡಿಕೊಂಡಿದ್ದೇನೆ.

ಕತೆ ಶುರುವಾಗುವುದು 1934ರ ನವೆಂಬರ್ 4ರಂದು, ಮದ್ರಾಸಿನ ಚೆಪಾಕ್ ಮೈದಾನದಲ್ಲಿ. ನಾವಿಂದು ರಣಜಿ ಟ್ರೋಫಿ ಎಂದು ಕರೆಯುವ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯವದು. ಆಡಿದವರು ಮದ್ರಾಸು ಮತ್ತು ಮೈಸೂರು. ಮದ್ರಾಸಿನ ಎಂ.ಜೆ. ಗೋಪಾಲನ್ ಮೊದಲ ಚೆಂಡು ಎಸೆದರು, ಮೈಸೂರಿನ ಎನ್. ಕರ್ಟಿಸ್ ಎದುರಿಸಿದರು. ಮೈಸೂರು 48ಕ್ಕೆ ಮುಗಿಯಿತು. ಮದ್ರಾಸು ಮಾಡಿದ್ದೂ ಬರೀ 130. ಮತ್ತೆ ಬ್ಯಾಟು ಹಿಡಿದ ಮೈಸೂರು 59ಕ್ಕೆ ಆಲೌಟ್. ಇನ್ನಿಂಗ್ಸ್ ಮತ್ತು 23 ಓಟಗಳ ಸೋಲು, ಅದೂ ಸಂಜೆಯೊಳಗೆ! ಹಲವು ದಿನ ನಡೆಯಬೇಕಾದ ಆಟ ಒಂದೇ ದಿನದಲ್ಲಿ ಮುಗಿಯಿತು. ಸೀಮಿತ ಓವರುಗಳ ಆಟವೆಂಬುದು ಇನ್ನೂ ಯಾರ ಕನಸಿನಲ್ಲಿಯೂ ಇಲ್ಲದ ಕಾಲದಲ್ಲಿ ನಮ್ಮ ದೇಶದ ಪ್ರಾಂತೀಯ ಕ್ರಿಕೆಟ್ಟು 'ಒಂದು ದಿನದ ಪಂದ್ಯ'ದಿಂದಲೇ ಆರಂಭವಾಯಿತೆನ್ನಬೇಕು.

ಅಂದು 35 ಓಟಗಳಿಗೆ 11 ಹುದ್ದರಿ ಕಿತ್ತು ಮೈಸೂರನ್ನು ಮಣಿಸಿದವರು ಎ.ಜಿ. ರಾಮ್ ಸಿಂಗ್. ಮದ್ರಾಸಿನಲ್ಲಿ ನೆಲೆಸಿದ್ದ ಸಿಖ್ ಮನೆತನದವರು. ಅವರ ಇಬ್ಬರು ಮಕ್ಕಳು, ಕೃಪಾಲ್ ಸಿಂಗ್ ಮತ್ತು ಮಿಲ್ಖಾ ಸಿಂಗ್, ಮುಂದೆ ಭಾರತಕ್ಕೆ ಟೆಸ್ಟ್ ಆಡಿದರು. ಅದೇ ಮದ್ರಾಸು ತಂಡದಲ್ಲಿ ಸಿ.ಪಿ. ಜಾನ್‌ಸ್ಟನ್ ಎಂಬ ಇಂಗ್ಲಿಷರೂ ಇದ್ದರು. ಮದ್ರಾಸಿನಲ್ಲಿ ಬಾಳುವೆ ಮಾಡುತ್ತಿದ್ದವರು ಮದ್ರಾಸಿಗೆ ಆಡಿದರು. ಅವರ ಮನೆಯ ಮಾತು ಯಾವುದೆಂದು ವಿಚಾರಿಸುವ ಪದ್ಧತಿಯಿರಲಿಲ್ಲ.

ಇನ್ನು ನಮ್ಮ ವಿಷಯ. ಆ ದಿನ ಸೋತ ಮೈಸೂರು ಕನ್ನಡಿಗರ ತಂಡವೆಂದು ನಾವು ಮರುಗುವಂತಿದೆಯೇ? ಅದು ಒಡೆಯರ ಸಂಸ್ಥಾನದ ತಂಡ. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಇಲಾಖೆಯಲ್ಲಿದ್ದವು, ರಾಯಚೂರು, ಗುಲಬರ್ಗಾ, ಬೀದರ ನಿಜಾಮನ ಕೈಯಲ್ಲಿದ್ದವು, ಕೊಡಗು ಬೇರೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಮದ್ರಾಸು ಇಲಾಖೆಯಲ್ಲಿತ್ತು, ತಲಶೇರಿಯೂ ಅದರಲ್ಲಿಯೇ. ಎಂದರೆ ಚೆಪಾಕಿನಲ್ಲಿ ಮೈಸೂರನ್ನು ಸೋಲಿಸಿದ್ದು, ಲೆಕ್ಕದ ಪ್ರಕಾರ, ನಿಮ್ಮ ಅಜ್ಜಂದಿರ ತಂಡ! ನಮ್ಮ ಜತ್ತವಾದರೋ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1949ರಲ್ಲಿ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಯ ಭಾಗವಾಯಿತು, 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು. ಅಸಂಗಿ ಇದ್ದಲ್ಲಿಯೇ ಇತ್ತು.

1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದರೂ ಕ್ರಿಕೆಟ್ಟಿನವರು ಹಳೆಯ ಗಡಿಗಳನ್ನು ಪೂರ್ತಿ ಅಳಿಸಲಿಲ್ಲ. ಇಂದಿಗೂ ಮಹಾರಾಷ್ಟ್ರ ರಾಜ್ಯದಿಂದ ಮುಂಬಯಿ, ವಿದರ್ಭ, ಮಹಾರಾಷ್ಟ್ರ ಎಂದು ಮೂರು ತಂಡಗಳು, ಗುಜರಾತಿನಿಂದಲೂ ಮೂರು. ತಿರುವಾಂಕೂರು-ಕೊಚ್ಚಿ ತಂಡ 1957-58ರಿಂದ ಕೇರಳವಾಯಿತು. ಮೈಸೂರಿನದು ಇನ್ನೂ ಸ್ವಾರಸ್ಯ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದೇ ಋತುವಿನಲ್ಲಿ ಎರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ತಂಡ ಸೆಮಿಫೈನಲಿನಲ್ಲಿ ಮುಂಬಯಿಯ ಹದಿನೈದು ವರ್ಷಗಳ ಏಕಚಕ್ರಾಧಿಪತ್ಯ ಮುರಿದು, ಫೈನಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಹೆಸರು ಬದಲಾದದ್ದಕ್ಕೇ ಅದೃಷ್ಟ ಬಂತೆಂದು ಹೇಳುವವರನ್ನು ನಾನು ಕೇಳಿದ್ದೇನೆ. ಪ್ರಸನ್ನ, ಚಂದ್ರಶೇಖರ, ವಿಶ್ವನಾಥ ಒಂದೇ ತಂಡದಲ್ಲಿದ್ದರೆ ಅದೃಷ್ಟಕ್ಕೇನು ಕೆಲಸವೋ ತಿಳಿಯದು.

ನಿಜವಾದ ಒಂದು ದಿನದ ಪಂದ್ಯಗಳಿಗೆ ಬರೋಣ. ರಾಜ್ಯತಂಡಗಳ ಏಕದಿನ ಪಂದ್ಯಾವಳಿಗೆ 2007-08ರಿಂದ ವಿಜಯ ಹಜಾರೆಯವರ ಹೆಸರು. ಹಜಾರೆ ನಮ್ಮ ಜಿಲ್ಲೆಯವರೇ. 1915ರ ಮಾರ್ಚ್ 11ರಂದು ಸಾಂಗಲಿಯಲ್ಲಿ ಹುಟ್ಟಿದರು, ಶಾಲಾ ಮಾಸ್ತರರ ಮಗ. ಅಂದಿನ ಸಾಂಗಲಿ ಸಂಸ್ಥಾನದಲ್ಲಿ ತೇರದಾಳ, ಶಿರಹಟ್ಟಿಗಳಂಥ ಕನ್ನಡ ಊರುಗಳೂ ಇದ್ದವೆಂಬುದನ್ನು ನಾವು ಮರೆಯಬಾರದು. ಹಜಾರೆ ಮೊದಲು ಮಹಾರಾಷ್ಟ್ರಕ್ಕೆ, ಆಮೇಲೆ ಸೆಂಟ್ರಲ್ ಇಂಡಿಯಾಕ್ಕೆ, ಮುಂದೆ ಬರೋಡಕ್ಕೆ ಆಡಿದರು. 1946-47ರ ರಣಜಿ ಫೈನಲಿನಲ್ಲಿ ಹೋಳ್ಕರ್ ತಂಡದ ವಿರುದ್ಧ ಅವರು ಗುಲ್ ಮಹಮ್ಮದರೊಡನೆ ಸೇರಿಸಿದ 577 ಓಟಗಳು ಬರೋಡದ ಖಾತೆಗೆ ಹೋದವು, ಸಾಂಗಲಿಗಲ್ಲ. ಭಾರತ ಮೊದಲ ಟೆಸ್ಟ್ ಗೆದ್ದದ್ದು 1952ರಲ್ಲಿ ಅವರ ನಾಯಕತ್ವದಲ್ಲಿ, ಅದೇ ಮದ್ರಾಸಿನಲ್ಲಿ. ಬರೋಡದಲ್ಲಿಯೇ ನೆಲೆಸಿ 2004ರಲ್ಲಿ ತೀರಿಕೊಂಡರು. ತಂಡ ಬಿಟ್ಟು ತಂಡಕ್ಕೆ ಹೋದರೆಂದು ಸಾಂಗಲಿಯಲ್ಲಿ ಯಾರೂ ಅವರನ್ನು ಪರಕೀಯರೆಂದದ್ದನ್ನು ನಾನು ಕೇಳಿಲ್ಲ.

ಅವರ ಹೆಸರಿನ ಟ್ರೋಫಿಯ ಫೈನಲು 2025ರ ಜನವರಿ 18ರಂದು ಆ ಬರೋಡದಲ್ಲಿಯೇ ನಡೆಯಿತು. ಎರಡು ದಿನ ಮೊದಲು ಸೆಮಿಫೈನಲಿನಲ್ಲಿ ವಿದರ್ಭವು ಮಹಾರಾಷ್ಟ್ರವನ್ನು 69 ಓಟಗಳಿಂದ ಸೋಲಿಸಿತ್ತು. ಮಹಾರಾಷ್ಟ್ರ ಗೆದ್ದಿದ್ದರೆ ಫೈನಲಿನಲ್ಲಿ ಕರ್ನಾಟಕದ ಎದುರು ನಿಲ್ಲುತ್ತಿತ್ತು, ಅಸಂಗಿಯ ಚಹದಂಗಡಿಯಲ್ಲಿ ಆ ಪ್ರಶ್ನೆ ಮತ್ತೆ ಏಳುತ್ತಿತ್ತು. ನಾಗಪುರದವರು ನಮ್ಮನ್ನು ಉಳಿಸಿದರು.

ವಿದರ್ಭದ ನಾಯಕ ಯಾರು? ಕರುಣ್ ನಾಯರ್. ತಂದೆತಾಯಿ ಮಲಯಾಳಿಗಳು, ಹುಟ್ಟಿದ್ದು ಜೋಧಪುರ, ಬೆಳೆದದ್ದು ಬೆಂಗಳೂರು. ಕರ್ನಾಟಕಕ್ಕಾಗಿ 2014-15ರ ರಣಜಿ ಫೈನಲಿನಲ್ಲಿ 328 ಹೊಡೆದವರು, ಅಲ್ಲಿ ಜಾಗ ತಪ್ಪಿದ ಮೇಲೆ ವಿದರ್ಭಕ್ಕೆ ಹೋದವರು. ಆ ಏಕದಿನ ಪಂದ್ಯಾವಳಿಯಲ್ಲಿ ಐದು ಶತಕಗಳೊಡನೆ 779 ಓಟ ಗಳಿಸಿದರು. ಎದುರಿನ ಕರ್ನಾಟಕ ತಂಡದಲ್ಲಿ ಎಡಪ್ಪಾಳದಲ್ಲಿ ಹುಟ್ಟಿದ ದೇವದತ್ತ ಪಡಿಕ್ಕಲ್! ಸ್ಮರಣ್ ರವಿಚಂದ್ರನ್ 101 ಹೊಡೆದು ಕರ್ನಾಟಕ 6 ಹುದ್ದರಿಗೆ 348 ಮಾಡಿತು. ಕರುಣರನ್ನು ಪ್ರಸಿದ್ಧ ಕೃಷ್ಣ 27ಕ್ಕೇ ಬೌಲ್ಡ್ ಮಾಡಿದರು. ಧ್ರುವ ಶೋರೆ 110 ಹೊಡೆದರೂ ವಿದರ್ಭ 312ಕ್ಕೆ ನಿಂತಿತು. ಕರ್ನಾಟಕಕ್ಕೆ ಐದನೆಯ ಬಾರಿ ಆ ಟ್ರೋಫಿ. ನಾನು ಸಂತೋಷಪಟ್ಟೆ, ಕರುಣರ ಹುದ್ದರಿ ಬಿದ್ದಾಗ ಅಷ್ಟು ಸಂತೋಷವಾಗಲಿಲ್ಲ.

ಮುಂದಿನ ತಿಂಗಳು ನಾಗಪುರದಲ್ಲಿ ರಣಜಿ ಫೈನಲು, ವಿದರ್ಭ ಮತ್ತು ಕೇರಳ. ಇದು ಐದು ದಿನದ ಆಟ. ಕೇರಳದ ವಿಕೆಟ್ ಕೀಪರ್ ನಿಮ್ಮ ತಳಂಗರೆಯ ಮಹಮ್ಮದ್ ಅಜರುದ್ದೀನ್. ಪಂದ್ಯ ಡ್ರಾ ಆಗಿ, ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕಪ್ಪು ವಿದರ್ಭಕ್ಕೆ ಹೋಯಿತು. ಕೊನೆಯ ದಿನ 135 ಓಟ ಮಾಡಿದ್ದ ಕರುಣ್ ಮುನ್ನುಗ್ಗಿ ಚೆಂಡು ತಪ್ಪಿಸಿಕೊಂಡರು, ಅಜರುದ್ದೀನ್ ಸ್ಟಂಪ್ ಮಾಡಿದರು. ಆ ಚೆಂಡು ಎಸೆದ ಆದಿತ್ಯ ಸರವಟೆ, ಹಿಂದಿನ ಋತುವಿನವರೆಗೆ ವಿದರ್ಭಕ್ಕೆ ಆಡುತ್ತಿದ್ದ ನಾಗಪುರದ ಹುಡುಗ.