ಪಂಚಾಂಗದ ಮೇಲಣ ಹೆಬ್ಬೆರಳು

ಹೆಬ್ಬೆಟ್ಟು ಒತ್ತುವುದೆಂದರೆ ಓದುಬರಹವರಿಯದವನ ರುಜುವೆಂದು ನಮ್ಮಲ್ಲಿ ರೂಢಿಯಾಗಿದೆಯಷ್ಟೆ. ಅದೇ ಹೆಬ್ಬೆಟ್ಟು, ಒತ್ತಿದವನಿಗರಿವಿಲ್ಲದೆಯೇ ಅವನ ಮೇಲೆ ಸಾಕ್ಷಿ ನುಡಿದ ಮೊಕದ್ದಮೆಯೊಂದರ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತೇನೆ.

1898ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಭೂತಾನದ ಗಡಿಗೆ ಹೊಂದಿದ ಜಲಪಾಯ್‌ಗುರಿ ಜಿಲ್ಲೆಯಲ್ಲಿ, ಚಹದ ತೋಟವೊಂದರ ಮೇನೇಜರು ಕೊರಳು ಕೊಯ್ಯಲ್ಪಟ್ಟು ಹಾಸಿಗೆಯ ಮೇಲೆಯೇ ಸತ್ತುಬಿದ್ದಿದ್ದನು. ಪೆಟ್ಟಿಗೆಯನ್ನು ಸೂರೆಮಾಡಿ ಹಣವನ್ನೊಯ್ದಿದ್ದರು. ಸಂಶಯಕ್ಕೇನೂ ಕೊರತೆಯಿರಲಿಲ್ಲ. ಆತನು ನಿಷ್ಠುರನೆಂದು ಕೂಲಿಗಳ ಮೇಲೆ ಗುಮಾನಿ. ಹತ್ತಿರ ಬಿಡಾರಮಾಡಿದ್ದ ಕಾಬೂಲಿಗಳ ಮೇಲೆ ಗುಮಾನಿ. ಅಡಿಗೆಯವನ ಬಟ್ಟೆಯಲ್ಲಂತೂ ನೆತ್ತರ ಕಲೆಗಳೇ ಇದ್ದುವು. ಯಜಮಾನನ ಊಟಕ್ಕೆ ಪಾರಿವಾಳವನ್ನು ಕೊಯ್ದಾಗ ತಗುಲಿದುವೆಂದು ಅವನ ಹೇಳಿಕೆ. ಬಡವನ ಇಂತಹ ಮಾತನ್ನು ನಂಬುವವರು ಎಷ್ಟು ಮಂದಿ?

ಆದರೆ ಪೆಟ್ಟಿಗೆಯ ಕಾಗದಪತ್ರಗಳ ನಡುವೆ ಬಂಗಾಳಿಯಲ್ಲಿ ಅಚ್ಚಾದ ಪಂಚಾಂಗವೊಂದಿತ್ತು. ಅದರ ನಸುನೀಲಿ ಹೊದಿಕೆಯ ಮೇಲೆ ಮಾಸಲು ಕಂದುಬಣ್ಣದ ಎರಡು ಕಲೆಗಳು. ಯಾರೋ ಅದನ್ನು ಒರಸಿಹಾಕದೆ, ಕಸವೆಂದು ಬಿಸಾಡದೆ, ಜೋಪಾನವಾಗಿ ಕಲ್ಕತ್ತೆಗೆ ಕಳುಹಿದರು. ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಅದೇ ಎಂದು ನನ್ನ ಎಣಿಕೆ. ಭೂತಗನ್ನಡಿಯಡಿಯಲ್ಲಿ ನೋಡಲು, ಒಂದು ಕಲೆಯಲ್ಲಿ ಬಲಗೈ ಹೆಬ್ಬೆರಳಿನ ಗೆರೆಗಳು ತೋರಿದುವು.

ಕಲ್ಕತ್ತೆಯಲ್ಲಿ 1897ರಲ್ಲಿಯೇ ಬೆರಳಚ್ಚಿನ ಕಚೇರಿ ಸ್ಥಾಪಿತವಾಗಿತ್ತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೆ ಅಂತಹುದು ಬಂದುದು 1901ರಲ್ಲಿ. ಹತ್ತು ಬೆರಳುಗಳನ್ನು ಐದು ಜೋಡಿಯಾಗಿ ಎಣಿಸಿ, ಅಚ್ಚುಗಳನ್ನು 1024 ಗೂಡುಗಳಲ್ಲಿ ವಿಂಗಡಿಸುವ ಕ್ರಮಕ್ಕೆ ಮೇಲಧಿಕಾರಿ ಹೆನ್ರಿಯ ಹೆಸರು ನಿಂತಿತು. ಲೆಕ್ಕದಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಕೈಕೆಳಗಿನ ನೌಕರರು.

ಆ ಕಚೇರಿಯಲ್ಲಿ ಬಿಡುಗಡೆಯಾದ ಕೈದಿಗಳ ಅಚ್ಚುಗಳಿದ್ದುವು. ಮೇನೇಜರನೇ ಹಿಂದೆ ಕಳವಿಗಾಗಿ ಜೈಲಿಗೆ ಕಳುಹಿಸಿದ್ದ ಕಾಂಗಾಲಿ ಚರಣನೆಂಬ ಮಾಜಿ ಸೇವಕನ ಹೆಬ್ಬೆರಳಿಗೆ ಪಂಚಾಂಗದ ಗುರುತು ಸರಿಹೊಂದಿತು. ಅವನನ್ನು ದೂರದ ಬೀರಭೂಮಿಯಲ್ಲಿ ಹಿಡಿದರು. ಕಲೆಗಳು ಸಸ್ತನಿಯ ರಕ್ತವೆಂದು ರಸಾಯನ ಪರೀಕ್ಷಕನು ತಿಳಿಸಿದನು.

ಇಷ್ಟಾದರೂ ನ್ಯಾಯಸ್ಥಾನವು ಅವನನ್ನು ಕಳವಿಗೆ ಮಾತ್ರ ಅಪರಾಧಿಯೆಂದಿತು. ಕೊಲೆಯ ಆರೋಪದಿಂದ ಬಿಟ್ಟಿತು. ಪಂಚಾಂಗವನ್ನು ಆ ಕೈ ಮುಟ್ಟಿತ್ತೆಂಬುದು ನಿಸ್ಸಂದೇಹ. ಕತ್ತಿ ಹಿಡಿದುದನ್ನು ಕಂಡವರಾರೂ ಇರಲಿಲ್ಲ. ಅಪರಾಧಿ ತಪ್ಪಿಸಿಕೊಂಡನೆಂದು ಹಲವರು ಮರುಗಿರಬಹುದು. ಗೆರೆಗಳು ಹೇಳಿದಷ್ಟನ್ನೇ ಕೇಳಿದ ಆ ತೀರ್ಪನ್ನು ನಾನಾದರೋ ಮೆಚ್ಚುತ್ತೇನೆ. ಮರುವರ್ಷ, 1899ರ 5ನೆಯ ಶಾಸನವು ಸಾಕ್ಷ್ಯದ ಕಾಯಿದೆಯನ್ನು ತಿದ್ದಿ, ಬೆರಳಚ್ಚಿನ ವಿಷಯದಲ್ಲಿ ತಜ್ಞನ ಅಭಿಪ್ರಾಯವನ್ನು ನ್ಯಾಯಸ್ಥಾನವು ಪರಿಗಣಿಸಬಹುದೆಂದು ವಿಧಿಸಿತು.