ಎರಡು ರೂಪಾಯಿಯ ನಿರ್ಮಾಪಕರು

ವಡೋದರಾದಿಂದ ಅಹಮದಾಬಾದಿಗೆ ರೈಲಿನಲ್ಲಿ ಹೊರಟರೆ ಮುಕ್ಕಾಲು ಗಂಟೆಯೊಳಗೆ ಆಣಂದ್ ಸ್ಟೇಷನ್ ಬರುತ್ತದೆ. ಈ ದಾರಿಯಲ್ಲಿ ನಾನು ಓಡಾಡಲು ಶುರು ಮಾಡಿ ಮೂವತ್ತು ವರ್ಷದ ಮೇಲಾಯಿತು. ಮೊದಲ ನಾಲ್ಕು ವರ್ಷ ಸೂರತ್ತಿನಲ್ಲಿದ್ದೆ, ಆಮೇಲೆ ವಡೋದರಾ. ಈಗ ಕೇಳಿದರೆ "ನಮ್ಮೂರು" ಅಂತ ಯಾವುದನ್ನು ಹೇಳಬೇಕೋ ಗೊತ್ತಾಗುವುದಿಲ್ಲ, ಬಿಡಿ.

ಮೊನ್ನೆ ಜೊತೆಯಲ್ಲಿ ಹಾಸನದ ಕಡೆಯ ಹುಡುಗನೊಬ್ಬ ಇದ್ದ. ಸೂರತ್ತಿಗೆ ಕೆಲಸಕ್ಕೆ ಬಂದು ಆರು ತಿಂಗಳಾಗಿದೆಯಂತೆ. ಆಣಂದ್ ಬೋರ್ಡು ನೋಡಿ, "ಅಂಕಲ್, ಇಲ್ಲಿ ಅಮುಲ್ ಬಿಟ್ರೆ ಬೇರೇನಿದೆ?" ಅಂದ.

"ನಮ್ಮ ಗಿರೀಶ ಕಾರ್ನಾಡರೂ ಅನಂತನಾಗ್ ಅವರೂ ಇದ್ದಾರಲ್ಲಪ್ಪ!" ಅಂದೆ. ಹುಡುಗ ನನ್ನ ಮುಖ ನೋಡಿದ. ಅವನಿಗೆ ಹೇಳಿದ ಕಥೆಯನ್ನೇ ಸ್ವಲ್ಪ ವಿವರವಾಗಿ ನಿಮಗೂ ಹೇಳುತ್ತೇನೆ.

ಕಥೆ 'ಮಂಥನ್' ಸಿನಿಮಾದ್ದು. 1976ರಲ್ಲಿ ಬಂದದ್ದು. ನಿರ್ದೇಶಕ ಶ್ಯಾಮ್ ಬೆನೆಗಲ್. ಅಷ್ಟು ಹೊತ್ತಿಗೆ ಅವರ 'ಅಂಕುರ್' (1974) ಮತ್ತು 'ನಿಶಾಂತ್' (1975) ಬಂದಾಗಿತ್ತು. ಅದಕ್ಕೂ ಮೊದಲು ಜಾಹೀರಾತು ಮತ್ತು ಸಾಕ್ಷ್ಯಚಿತ್ರ ಮಾಡುತ್ತಿದ್ದವರು. ಗುಜರಾತಿನ ಹಾಲು ಸಹಕಾರ ಸಂಘಗಳ ಬಗ್ಗೆಯೂ ಸಾಕ್ಷ್ಯಚಿತ್ರ ಮಾಡಿದ್ದರು. ಆದರೆ ಅವರಿಗೊಂದು ಕೊರಗು. ಸಾಕ್ಷ್ಯಚಿತ್ರ ನೋಡುವವರು ಯಾರು? ಆಗಲೇ ಒಪ್ಪಿಕೊಂಡವರು! ಒಪ್ಪದವರನ್ನು ಮುಟ್ಟಬೇಕಾದರೆ ಕಥಾಚಿತ್ರವೇ ಆಗಬೇಕು ಅಂತ ಅವರು ವರ್ಗೀಸ್ ಕುರಿಯನ್ ಅವರಿಗೆ ಹೇಳಿದರು.

ಸರಿ, ದುಡ್ಡು? ಅಲ್ಲೇ ನೋಡಿ ಕುರಿಯನ್ ತಲೆ ಓಡಿದ್ದು. ಬೆಳಿಗ್ಗೆ ಸಂಜೆ ಸಂಘಕ್ಕೆ ಹಾಲು ಹಾಕುವ ರೈತರು ಒಂದು ಸಲದ ಹಾಲಿನ ದುಡ್ಡಿನಲ್ಲಿ ಎರಡು ರೂಪಾಯಿ ಬಿಟ್ಟುಕೊಟ್ಟರೆ? ಗುಜರಾತಿನ ಐದು ಲಕ್ಷ ರೈತರು ತಲಾ ಎರಡೆರಡು ರೂಪಾಯಿ ಬಿಟ್ಟರು. ಹತ್ತು ಲಕ್ಷ ಆಯಿತು. ಅಷ್ಟರಲ್ಲೇ ಇಡೀ ಸಿನಿಮಾ! ಟೈಟಲ್ಲಿನಲ್ಲಿ ನಿರ್ಮಾಪಕರ ಜಾಗದಲ್ಲಿ ಯಾವ ಶೇಠ್‌ಜಿಯ ಹೆಸರೂ ಇಲ್ಲ, ಗುಜರಾತಿನ ಐದು ಲಕ್ಷ ರೈತರು ಅಂತಲೇ ಇದೆ.

ಚಿತ್ರೀಕರಣ ನಡೆದದ್ದು ಆಣಂದಿನಲ್ಲಿ ಅಲ್ಲ. ಸೌರಾಷ್ಟ್ರದಲ್ಲಿ, ರಾಜಕೋಟ್ ಹತ್ತಿರದ ಸಾಂಗಣವಾ ಅನ್ನುವ ಹಳ್ಳಿಯಲ್ಲಿ, ಸುಮಾರು ನಲವತ್ತೈದು ದಿನ. ಹತ್ತು ಲಕ್ಷದಲ್ಲಿ ಸೆಟ್ ಎಲ್ಲಿ ಹಾಕುತ್ತೀರಿ? ಊರೇ ಸೆಟ್, ಊರಿನ ಜನವೇ ಜೂನಿಯರ್ ಆರ್ಟಿಸ್ಟು, ಊರಿನ ಎಮ್ಮೆಗಳೇ ಎಮ್ಮೆಗಳು.

ಅಲ್ಲಿದ್ದವರು ಆಮೇಲೆ ಹೇಳಿಕೊಂಡದ್ದನ್ನು ಜೋಡಿಸಿದರೆ ಅಲ್ಲಿಯ ಒಂದು ದಿನ ಹೇಗಿತ್ತು ಅಂತ ಅಂದಾಜಾಗುತ್ತದೆ. ಭೋಲಾ ಪಾತ್ರದ ನಸೀರುದ್ದೀನ್ ಷಾ ಒಂದು ಗುಡಿಸಲಿನಲ್ಲೇ ಇದ್ದರು. ಬೆರಣಿ ತಟ್ಟುವುದನ್ನೂ ಎಮ್ಮೆ ಕರೆಯುವುದನ್ನೂ ಕಲಿತರು. ಹಳ್ಳಿಯವನ ಮೈಕಟ್ಟು ಬರಲಿ ಅಂತ ಹಾಲಿನ ಬಕೆಟ್ಟು ಹೊತ್ತುಕೊಂಡು ಹೋಗಿ ಯೂನಿಟ್ಟಿನವರಿಗೆಲ್ಲ ತಾವೇ ಹಾಲು ಕೊಡುತ್ತಿದ್ದರಂತೆ. ಬಿಂದು ಪಾತ್ರದ ಸ್ಮಿತಾ ಪಾಟೀಲ್ ಊರಿನ ಹೆಂಗಸರ ಜೊತೆ ನೆಲದ ಮೇಲೆ ಕೂತಿದ್ದಾಗ ಶೂಟಿಂಗ್ ನೋಡಲು ಬಂದವರು "ಹೀರೋಯಿನ್ ಎಲ್ಲಿ?" ಅಂತ ಕೇಳಿದರಂತೆ. ತೋರಿಸಿದರೂ ನಂಬಲಿಲ್ಲವಂತೆ! ಕ್ಯಾಮೆರಾ ಹಿಡಿದವರು ಗೋವಿಂದ್ ನಿಹಲಾನಿ. ಆಗ ಕಲರ್ ಫಿಲ್ಮ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಬೇರೆ ಬೇರೆ ಕಂಪನಿಯ ರೋಲುಗಳಲ್ಲಿ ತೆಗೆದು ಬಣ್ಣ ಹೊಂದಿಸಬೇಕಾಯಿತು.

ಇನ್ನು ನಮ್ಮವರು. ಕಾರ್ನಾಡರು ಇದರಲ್ಲಿ ಪಶುವೈದ್ಯ ಡಾಕ್ಟರ್ ರಾವ್. ಸಹಕಾರ ಸಂಘ ಕಟ್ಟಲು ಪಟ್ಟಣದಿಂದ ಬರುವ ಮನುಷ್ಯ. ರೈಲು ಇಳಿಯುತ್ತಾನೆ, ಸ್ಟೇಷನ್ನಿನಲ್ಲಿ ಎದುರುಗೊಳ್ಳಲು ಒಬ್ಬರೂ ಇಲ್ಲ. ಯಾಕೆಂದರೆ ಅವತ್ತು ರೈಲು ಸರಿಯಾದ ಟೈಮಿಗೆ ಬಂದುಬಿಟ್ಟಿದೆ! ಅನಂತನಾಗ್ ಅವನ ತಂಡದ ಚಂದಾವರ್ಕರ್. ಊರಿನ ಹುಡುಗಿಯೊಬ್ಬಳ ಸಹವಾಸ ಮಾಡಿ, ತಂಡಕ್ಕೇ ಕೆಟ್ಟ ಹೆಸರು ತಂದು, ರಾವ್ ಕೈಲಿ ವಾಪಸ್ ಕಳಿಸಿಕೊಳ್ಳುತ್ತಾನೆ. ಗುಜರಾತಿನ ಹಳ್ಳಿಗೆ ಹೊರಗಿನಿಂದ ಬಂದವರ ಪಾತ್ರಕ್ಕೆ ನಮ್ಮ ಇಬ್ಬರು! ನನ್ನಂಥವನಿಗೆ ಈ ಸಿನಿಮಾ ಹತ್ತಿರವಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಾನು ಹೇಳಬೇಕೆಂದಿರುವ ಮಾತು ಬೇರೆ. ರೈತರ ದುಡ್ಡಿನಲ್ಲಿ, ರೈತರ ಸಂಘದ ಬಗ್ಗೆ ತೆಗೆದ ಸಿನಿಮಾ ಅಂದರೆ ಏನಿರಬೇಕು? ಸಂಘಕ್ಕೆ ಜೈಕಾರ ಇರಬೇಕು ತಾನೇ? 'ಮಂಥನ್' ಹಾಗಿಲ್ಲ. ಊರಿನ ಖಾಸಗಿ ಡೈರಿಯ ಮಾಲೀಕ ಮಿಶ್ರಾ (ಅಮರೀಶ್ ಪುರಿ) ಹಾಲಿಗೆ ಕಡಿಮೆ ರೇಟು ಕೊಟ್ಟು ಮೋಸ ಮಾಡುತ್ತಾನೆ, ಅದು ಗೊತ್ತಿದ್ದದ್ದೇ. ಆದರೆ ಸಂಘ ಬಂದ ಮೇಲೂ ಎಲ್ಲ ಸರಿಹೋಗುವುದಿಲ್ಲ. ಸರಪಂಚ (ಕುಲಭೂಷಣ್ ಖರಬಂದಾ) ಸಂಘವನ್ನೂ ತನ್ನ ಮನೆಯ ಆಸ್ತಿ ಮಾಡಿಕೊಳ್ಳಲು ನೋಡುತ್ತಾನೆ. ಹರಿಜನ ಕೇರಿಯ ಭೋಲಾಗೆ ಪಟ್ಟಣದವರ ಮೇಲೆ ನಂಬಿಕೆಯೇ ಇಲ್ಲ, ಇಲ್ಲದಿರಲು ಕಾರಣವೂ ಇದೆ. ಸಂಘದ ಚುನಾವಣೆಯಲ್ಲಿ ಕೇರಿಯವರ ಕಡೆಯವನು ಗೆಲ್ಲುತ್ತಾನೆ. ಆಮೇಲೆ ಕೇರಿಯ ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ. ಕೊನೆಗೆ ರಾವ್‌ಗೆ ವರ್ಗವಾಗುತ್ತದೆ. ಸೋತ ಮುಖದಲ್ಲಿ ರೈಲು ಹತ್ತುತ್ತಾನೆ.

ಹೊರಗಿನಿಂದ ಬಂದ ಒಳ್ಳೆಯ ಮನುಷ್ಯ ಊರನ್ನು ಉದ್ಧಾರ ಮಾಡಲಿಲ್ಲ. ಅವನು ಹೋದ ಮೇಲೆ ಭೋಲಾನೇ ಸಂಘವನ್ನು ಎತ್ತಿ ನಿಲ್ಲಿಸಲು ಹೊರಡುತ್ತಾನೆ. ಇದನ್ನು ಬರೆದವರು ವಿಜಯ್ ತೆಂಡೂಲ್ಕರ್. ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರಕಥೆ ಅವರಿಗೆ ಬಂತು, ಅತ್ಯುತ್ತಮ ಹಿಂದಿ ಚಿತ್ರವೂ ಇದೇ ಆಯಿತು. ಒಬ್ಬ ಶೇಠ್ ದುಡ್ಡು ಹಾಕಿದ್ದರೆ ಕೊನೆಯ ರೀಲಿನಲ್ಲಿ ರಾವ್‌ಗೆ ಹಾರ ಬೀಳುತ್ತಿತ್ತೇನೋ. ಐದು ಲಕ್ಷ ಜನ ಎರಡೆರಡು ರೂಪಾಯಿ ಹಾಕಿದ್ದರಿಂದ ನಿಜ ಹೇಳಲು ಸಾಧ್ಯವಾಯಿತು ಅಂತ ನನಗನ್ನಿಸುತ್ತದೆ.

ಸಿನಿಮಾ ಬಿಡುಗಡೆಯಾದಾಗ ಹಳ್ಳಿಯವರು ಲಾರಿ ಲಾರಿಗಳಲ್ಲಿ ಬಂದು ನೋಡಿದರು. "ನಮ್ಮ ಸಿನಿಮಾ" ತಾನೇ! ಆಮೇಲೆ ಇದರ ಪ್ರಿಂಟುಗಳನ್ನು ಬೇರೆ ರಾಜ್ಯಗಳ ಹಳ್ಳಿಗಳಿಗೂ ಕೊಂಡೊಯ್ದು ತೋರಿಸಿದರು, ಹೊಸ ಸಂಘ ಕಟ್ಟುವುದಕ್ಕೆ. ಸಾಕ್ಷ್ಯಚಿತ್ರ ಒಪ್ಪಿದವರನ್ನಷ್ಟೇ ಮುಟ್ಟುತ್ತದೆ ಅಂದಿದ್ದ ಬೆನೆಗಲ್ ಮಾತು ಹೀಗೆ ನಿಜವಾಯಿತು.

ಈಗ ನನ್ನ ಸ್ವಂತ ವಿಷಯ ಒಂದಿಷ್ಟು. ನಮ್ಮದು ತುಮಕೂರು ಜಿಲ್ಲೆಯ ಹಳ್ಳಿ. ಕರ್ನಾಟಕದಲ್ಲಿ ಆಣಂದ್ ಮಾದರಿಯ ಕೆಲಸ ಶುರುವಾದದ್ದು 1974ರಲ್ಲಿ, ಡೈರಿ ಅಭಿವೃದ್ಧಿ ನಿಗಮದ ಮೂಲಕ. 1984ರಲ್ಲಿ ಅದು ಕೆಎಂಎಫ್ ಆಯಿತು, ಈಗಿನ ನಂದಿನಿ. ನಮ್ಮೂರಿಗೆ ಡೈರಿ ಬಂದಾಗ ನಾನು ಹೈಸ್ಕೂಲು ಹುಡುಗ. ಅಲ್ಲಿಯವರೆಗೆ ನಮ್ಮಮ್ಮ ಹಾಲನ್ನು ಹೋಟೆಲಿನವರಿಗೆ ಹಾಕುತ್ತಿದ್ದಳು. ಅವರು ಕೊಟ್ಟಾಗ ದುಡ್ಡು, ಇಲ್ಲದಿದ್ದರೆ ಇಲ್ಲ. ಡೈರಿ ಬಂದ ಮೇಲೆ ಲ್ಯಾಕ್ಟೋಮೀಟರ್ ಬಂತು, ಒಂದು ಪುಸ್ತಕ ಬಂತು, ಬಟವಾಡೆ ಬಂತು. ಬಟವಾಡೆ ದಿನ ಅಮ್ಮ ಸೆರಗಿನ ತುದಿಗೆ ದುಡ್ಡು ಗಂಟು ಹಾಕಿಕೊಂಡು ಬರುತ್ತಿದ್ದಳು. ಅದು ಅವಳ ದುಡ್ಡು. ಅಪ್ಪ ಕೂಡ ಕೇಳಿ ತೆಗೆದುಕೊಳ್ಳಬೇಕಿತ್ತು!

ಇನ್ನೊಂದು ಸಂಗತಿ ನನಗೆ ಆಗ ಕಾಣಲೇ ಇಲ್ಲ. ಡೈರಿ ಮುಂದೆ ಎಲ್ಲ ಕೇರಿಯವರೂ ಒಂದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಲ್ಲಬೇಕಿತ್ತು. ಮೊದಮೊದಲು ಸಾಲಿನ ಮಧ್ಯೆ ಒಂದು ಮಾರು ಜಾಗ ಬಿಟ್ಟು ನಿಲ್ಲುತ್ತಿದ್ದರು. ಆ ಜಾಗವನ್ನು ನಾನು ದಿನಾ ದಾಟಿ ಹೋಗಿದ್ದೇನೆ, ಅದು ಯಾಕಿದೆ ಅಂತ ಒಂದು ದಿನವೂ ಕೇಳಲಿಲ್ಲ. 'ಮಂಥನ್' ನೋಡುವಾಗ ಆ ಜಾಗ ನೆನಪಾಯಿತು.

ನೋಡಿದ್ದು ಯಾವಾಗ ಅಂತೀರಿ? ಟೀವಿಯಲ್ಲಿ ಚೂರುಪಾರು ನೋಡಿದ್ದೆ. ಪೂರ್ತಿ ನೋಡಿದ್ದು 2024ರ ಜೂನ್ ಒಂದರಂದು, ಅಹಮದಾಬಾದಿನ ಥಿಯೇಟರಿನಲ್ಲಿ. ಅವತ್ತು ವಿಶ್ವ ಹಾಲು ದಿನ. ನೆಗೆಟಿವ್ ಬೂಷ್ಟು ಹಿಡಿದು ಹಾಳಾಗಿತ್ತು, ಧ್ವನಿಯನ್ನು ಒಂದು ಹಳೆಯ ಪ್ರಿಂಟಿನಿಂದ ತೆಗೆಯಬೇಕಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಸರಿಪಡಿಸಿ ಆ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿ, ಆಮೇಲೆ ನಮ್ಮ ದೇಶದಲ್ಲೂ ಬಿಡುಗಡೆ ಮಾಡಿತ್ತು. ನೋಡಲು ಸ್ಮಿತಾ ಪಾಟೀಲ್ ಇರಲಿಲ್ಲ, 1986ರಲ್ಲೇ ಹೋದರು. ಕುರಿಯನ್ 2012ರಲ್ಲಿ, ಕಾರ್ನಾಡರು 2019ರಲ್ಲಿ. ಬೆನೆಗಲ್ 2024ರ ಡಿಸೆಂಬರಿನಲ್ಲಿ ಹೊರಟುಹೋದರು.

ಪ್ರೀತಿ ಸಾಗರ್ ಹಾಡಿದ ಹಾಡು ಶುರುವಾದಾಗ ಥಿಯೇಟರಿನಲ್ಲಿ ಹಿಂದಿನ ಸಾಲಿನ ಮುದುಕಿಯೊಬ್ಬರು ಮೆಲ್ಲಗೆ ದನಿಗೂಡಿಸಿದರು. ಅಮುಲ್ ಜಾಹೀರಾತಿನಲ್ಲಿ ಎಷ್ಟೋ ವರ್ಷ ಕೇಳಿದ ರಾಗವೇ ಅದು. ಆಚೆ ಬರುವಾಗ ಅವರನ್ನು ಗುಜರಾತಿಯಲ್ಲಿ ಕೇಳಿದೆ, "ಬಾ, ನೀವೂ ಎರಡು ರೂಪಾಯಿ ಕೊಟ್ಟಿದ್ದಿರಾ?" ಅಂತ. ಅವರು ನಕ್ಕರು. "ಕೊಟ್ಟಿದ್ದು ನಮ್ಮ ಅತ್ತೆ. ಎಮ್ಮೆ ಕರೆದಿದ್ದು ನಾನು" ಅಂದರು.

ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಸೂರತ್ತಿಗೆ ಮೊದಲ ಸಲ ಹೊರಟಾಗ ನನ್ನ ಟಿಕೆಟ್ಟಿನ ದುಡ್ಡು ಅಮ್ಮನ ಬಟವಾಡೆಯದು. ಗುಜರಾತಿನಲ್ಲಿ ಹುಟ್ಟಿದ ಉಪಾಯ ನಮ್ಮೂರಿಗೆ ಹೋಗಿ, ನನ್ನನ್ನು ರೈಲು ಹತ್ತಿಸಿ ಗುಜರಾತಿಗೇ ಕಳಿಸಿತ್ತು! ಡಾಕ್ಟರ್ ರಾವ್ ಹಳ್ಳಿ ಬಿಟ್ಟು ಹೋದ ಹಾಗೆ ನಾನೂ ಹಳ್ಳಿ ಬಿಟ್ಟು ಬಂದೆ. ಡೈರಿ ಮುಂದಿನ ಆ ಸಾಲನ್ನು ಸರಿ ಮಾಡಿಕೊಂಡವರು ಊರಿನಲ್ಲೇ ಉಳಿದವರು.

ರೈಲು ಆಣಂದ್ ಬಿಟ್ಟಿತ್ತು. ಹುಡುಗ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದವನು ಫೋನ್ ತೆಗೆದು ಮನೆಗೆ ಮಾಡಿದ. "ಅಮ್ಮ, ನಮ್ಮನೇಲಿ ಡೈರಿಗೆ ಮೊದಲು ಹಾಲು ಹಾಕಿದ್ದು ಯಾರಮ್ಮ?" ಅಂತ ಕೇಳುತ್ತಿದ್ದ.

ನಿಮ್ಮ ಮನೆಯಲ್ಲಿ ಯಾರು? ಇವತ್ತೇ ಕೇಳಿ ಇಟ್ಟುಕೊಳ್ಳಿ. ಹೇಳುವವರು ಕಡಿಮೆಯಾಗುತ್ತಿದ್ದಾರೆ.