ಕ್ಯಾಸೆಟ್ ಹೋದ ಮೇಲೆ, ಜಿಯೋ ಬರುವ ಮೊದಲು: ಕನ್ನಡ ರಾಕ್‌ನ ಹತ್ತು ವರ್ಷ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಐವರ್ನಾಡಿನಿಂದ ಮಾತಾಡ್ತಾ ಇದ್ದೇನೆ. ನಡುವೆ ಮಳೆ ಸದ್ದು ಕೇಳಿದ್ರೆ ಸ್ವಲ್ಪ ಸುಧಾರಿಸಿಕೊಳ್ಳಿ, ನಮ್ಮದು ಹಂಚಿನ ಮಾಡು.

"ನಿಮ್ಮ ಇಷ್ಟದ ಬ್ಯಾಂಡ್‌ಗಳ ಬಗ್ಗೆ ಒಂದು ಸಂಚಿಕೆ ಮಾಡಿ" ಅಂತ ತುಂಬಾ ಜನ ಕೇಳಿದ್ರಿ. ಮಾಡ್ತೇನೆ, ಆದ್ರೆ ಬರೀ ಪಟ್ಟಿ ಓದಿ ಮುಗಿಸುವುದಿಲ್ಲ. ನಾನು ಬಿ.ಕಾಂ. ಓದಿದವಳು, ಸಂಗೀತ ಕಲಿತವಳಲ್ಲ. ಹಾಗಾಗಿ ಹಾಡು ಕೇಳಿದ ಮೇಲೆ ನನ್ನ ತಲೆಯಲ್ಲಿ ಬರುವ ಪ್ರಶ್ನೆ ಬೇರೆ: ಈ ಹಾಡು ನನ್ನ ತನಕ ಬಂದದ್ದು ಯಾವ ದಾರಿಯಲ್ಲಿ? ದಾರಿಯಲ್ಲಿ ಯಾರ್ಯಾರು ದುಡ್ಡು ಮಾಡಿದ್ರು? ಹಾಡಿದವರಿಗೆ ಎಷ್ಟು ಸಿಕ್ಕಿತು? ಇವತ್ತು 2000ರಿಂದ 2010ರ ವರೆಗಿನ ಬ್ಯಾಂಡ್‌ಗಳನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡುವ.

ಮೊದಲು ಸ್ವಲ್ಪ ಹಿಂದೆ ಹೋಗಬೇಕು. ಸಿನಿಮಾ ಹಾಡಲ್ಲದ ಕನ್ನಡ ಹಾಡಿಗೆ ಒಂದು ಕಾಲದಲ್ಲಿ ತನ್ನದೇ ದಾರಿ ಇತ್ತು. ಅದರ ಹೆಸರು ಕ್ಯಾಸೆಟ್. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಆಮೇಲೆ ಸಿ. ಅಶ್ವತ್ಥ್ ಬಂದರು, ಭಾವಗೀತೆಗಳು ಮನೆಮನೆಗೆ ಬಂದವು. ನಮ್ಮ ಕಡೆ ಯಕ್ಷಗಾನದ ಕ್ಯಾಸೆಟ್, ತುಳು ನಾಟಕದ ಕ್ಯಾಸೆಟ್ ಕೂಡ ಅದೇ ಅಂಗಡಿಯಲ್ಲಿ, ಅದೇ ಕಪಾಟಿನಲ್ಲಿ ಇರುತ್ತಿತ್ತು. ಲೆಕ್ಕ ಸರಳ. ಕಂಪನಿ ಕ್ಯಾಸೆಟ್ ಮಾಡ್ತದೆ, ಅಂಗಡಿಯವರು ಮಾರ್ತಾರೆ, ಜನ ದುಡ್ಡು ಕೊಟ್ಟು ಮನೆಗೆ ತರ್ತಾರೆ. ಮುಖ್ಯವಾದದ್ದು ಇನ್ನೊಂದು ಉಂಟು: ಕ್ಯಾಸೆಟ್‌ನ ಹೊದಿಕೆಯಲ್ಲಿ ಹೆಸರು ಇರುತ್ತಿತ್ತು. ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಹಾಡಿದ್ದು ಯಾರು. ಓದು ಬಾರದ ಅಜ್ಜಿಗೂ ಪಟದಲ್ಲಿರುವವರು ಅಶ್ವತ್ಥ್ ಅಂತ ಗೊತ್ತು.

2000ದ ನಂತರ ಈ ದಾರಿ ಮುಚ್ಚುತ್ತಾ ಬಂತು. ಕಾರಣ ಎಂಪಿ3. ಲೆಕ್ಕ ಹಾಕಿ ನೋಡಿ. ಒಂದು ಸಿ.ಡಿ.ಯಲ್ಲಿ 700 ಎಂ.ಬಿ. ಜಾಗ. ಒಂದು ಎಂಪಿ3 ಹಾಡು ಸುಮಾರು 5 ಎಂ.ಬಿ. ಅಂದ್ರೆ ಒಂದೇ ತಟ್ಟೆಯಲ್ಲಿ 140 ಹಾಡು. ಜಾತ್ರೆಯ ಸಂತೆಯಲ್ಲಿ ಅಂಥ ಕಳ್ಳ ಸಿ.ಡಿ. ಸಿಗುವಾಗ ಎಂಟು ಹಾಡಿನ ಕ್ಯಾಸೆಟ್ ಯಾರು ತಗೊಳ್ತಾರೆ? ಸಿನಿಮಾ ಸಂಗೀತ ಈ ಪೆಟ್ಟು ತಿಂದೂ ಬದುಕಿತು. ಅದಕ್ಕೆ ಟಾಕೀಸು, ಟಿ.ವಿ., ನಟರ ಅಭಿಮಾನಿಗಳು ಎಲ್ಲ ಇದ್ದರು. ಸಿನಿಮಾ ಅಲ್ಲದ ಹಾಡಿಗೆ ಕ್ಯಾಸೆಟ್ ಬಿಟ್ಟರೆ ಬೇರೆ ಗಾಡಿ ಇರಲಿಲ್ಲ.

ಇನ್ನು ಈಚೆ ಬದಿಯ ಗಡಿ. ಭಾರತದಲ್ಲಿ ಯೂಟ್ಯೂಬ್ ತನ್ನ ಸ್ಥಳೀಯ ಆವೃತ್ತಿ ತೆರೆದದ್ದು 2008ರಲ್ಲಿ. ಆದ್ರೆ ಆಗ ನಮ್ಮ ಹಳ್ಳಿಗಳಲ್ಲಿ ವಿಡಿಯೋ ನೋಡುವಷ್ಟು ಇಂಟರ್ನೆಟ್ ಎಲ್ಲಿತ್ತು? ಜಿಯೋ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಸ್ಪಾಟಿಫೈ 2019ರಲ್ಲಿ. ಹಳೆ ದಾರಿ ಮುಚ್ಚಿ ಹೊಸ ದಾರಿ ತೆರೆಯುವ ನಡುವೆ ಒಂದು ಹತ್ತು-ಹದಿನೈದು ವರ್ಷದ ಖಾಲಿ ಜಾಗ. ನಮ್ಮ ಭಾಷೆಯ ರಾಕ್ ಹುಟ್ಟಿದ್ದು ಸರಿಯಾಗಿ ಆ ಖಾಲಿ ಜಾಗದಲ್ಲಿ. ನಾನು ಇವತ್ತು ಹೇಳ್ಲಿಕ್ಕೆ ಹೊರಟದ್ದು ಇಷ್ಟೇ: ಕೇಳುವವರು ಇರಲಿಲ್ಲ ಅನ್ನುವುದು ತಪ್ಪು. ಕೇಳುವವರು ಇದ್ದರು, ದಾರಿ ಇರಲಿಲ್ಲ.

ಸಾಕ್ಷಿ ಬೇಕಾ? ಬೆಂಗಳೂರಿನ ಅರಮನೆ ಮೈದಾನ ನೋಡಿ. 2005ರಲ್ಲಿ ಅಲ್ಲಿ ಅಶ್ವತ್ಥರ 'ಕನ್ನಡವೇ ಸತ್ಯ' ನಡೆಯಿತು. ಸಿನಿಮಾ ತಾರೆಯರನ್ನು ನೋಡ್ಲಿಕ್ಕಲ್ಲ, ಕವಿತೆ ಕೇಳ್ಲಿಕ್ಕೆ ಜನಸಾಗರ ಸೇರಿತು. ಎರಡು ವರ್ಷ ಬಿಟ್ಟು, 2007ರ ಮಾರ್ಚ್‌ನಲ್ಲಿ, ಅದೇ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ನುಡಿಸಿತು. ಆಗಲೂ ಮೈದಾನ ತುಂಬಿತು. ಒಂದೇ ಊರು, ಒಂದೇ ಮೈದಾನ. ಕನ್ನಡದ ಪದಕ್ಕೂ ಜನ ಇದ್ದರು, ಗಿಟಾರಿನ ಗದ್ದಲಕ್ಕೂ ಜನ ಇದ್ದರು. ಈ ಎರಡು ಗುಂಪಿನ ನಡುವೆ ನಿಂತು ಎರಡನ್ನೂ ಸೇರಿಸ್ಲಿಕ್ಕೆ ಹೊರಟವರೇ ನನ್ನ ಇಷ್ಟದ ಬ್ಯಾಂಡ್‌ಗಳು.

ಅದಕ್ಕಿಂತ ಮೊದಲು ಬೆಂಗಳೂರಿನ ರಾಕ್ ಅಂದ್ರೆ ಹೆಚ್ಚಾಗಿ ಇಂಗ್ಲಿಷ್. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ನನಗೆ ತುಂಬಾ ಇಷ್ಟ. ಹೆಸರಲ್ಲೇ ತಮಾಷೆ ಉಂಟು: ಮೂರು ಜನ ಮಲಯಾಳಿಗಳು, ನಾಲ್ಕನೆಯವರು ಕಾಲು ಪಾಲು ಮಲಯಾಳಿ. ಬೆಂಗಳೂರಿನ ಬದುಕನ್ನೇ ಹಾಡು ಮಾಡಿದವರು, ಆದ್ರೆ ಇಂಗ್ಲಿಷಿನಲ್ಲಿ. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಮೆಟಲ್ ಬ್ಯಾಂಡ್ ಕೂಡ ಹಾಗೇ. ಇವರಿಗೆ ಪಬ್ಬು, ಕಾಲೇಜು ಫೆಸ್ಟು, ರಾಕ್ ಪತ್ರಿಕೆಗಳು ಅಂತ ಒಂದು ಸಣ್ಣ ದಾರಿ ಇತ್ತು. ಆ ದಾರಿ ಹೆಚ್ಚಿನ ಮಟ್ಟಿಗೆ ನಗರದ ಒಳಗೇ ಸುತ್ತುತ್ತಿತ್ತು.

ಕನ್ನಡದಲ್ಲಿ ರಾಕ್ ಮಾಡಬೇಕು ಅಂದಾಗ ಬರುವ ಮೊದಲ ಕಷ್ಟ, ಪದ ಎಲ್ಲಿಂದ ತರುವುದು? ಸಿನಿಮಾದ ಪ್ರೇಮಗೀತೆಯ ಭಾಷೆ ಇದಕ್ಕೆ ಒಗ್ಗುವುದಿಲ್ಲ, ಭಾವಗೀತೆಯ ಭಾಷೆ ತುಂಬಾ ಮೆದು. ಉತ್ತರ ಸಿಕ್ಕಿದ್ದು ಹಿಂದಿನ ಶತಮಾನಕ್ಕೂ ಹಿಂದೆ. ಮೈಸೂರಿನಲ್ಲಿ ಬೆಳೆದ, ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಶಿಶುನಾಳ ಶರೀಫರ ಹತ್ತಿರ ಹೋದರು. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತ. ತತ್ವಪದದ ಕಟ್ಟು ನೋಡಿ: ಒಂದು ಪಲ್ಲವಿ, ಅದನ್ನು ಎಲ್ಲರೂ ಸೇರಿ ಮತ್ತೆ ಮತ್ತೆ ಹೇಳ್ತಾರೆ. ಏಕತಾರಿ ಒಂದೇ ಶ್ರುತಿಯಲ್ಲಿ ಮೀಟ್ತಾ ಇರ್ತದೆ, ದಮ್ಮಡಿ ಲಯ ಹಿಡೀತದೆ. ಏಕತಾರಿಯ ಜಾಗದಲ್ಲಿ ಗಿಟಾರ್, ದಮ್ಮಡಿಯ ಜಾಗದಲ್ಲಿ ಡ್ರಮ್ಸ್ ಇಟ್ಟರೆ ರಾಕ್ ಹಾಡಿಗೆ ಬೇಕಾದದ್ದು ಬಹುಪಾಲು ಅಲ್ಲೇ ಉಂಟು. ಮಾತು ನೇರ, ಒಳಗೆ ಒಗಟು, ಮೇಲೆ ಸ್ವಲ್ಪ ಗೇಲಿ.

ಕಾಮರ್ಸ್ ಓದಿದವಳಿಗೆ ಕಾಣುವ ಇನ್ನೊಂದು ಕಾರಣ ಹೇಳ್ತೇನೆ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2041ರ ತನಕ ಅನುಮತಿ ಬೇಕು. ಶರೀಫರ ಪದಕ್ಕೆ ಯಾರ ಸಹಿಯೂ ಬೇಡ. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಇದು ಸಣ್ಣ ಸಂಗತಿ ಅಲ್ಲ.

ರಘು ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದಕ್ಕೆ ಮೊದಲು ವರ್ಷಗಟ್ಟಲೆ ಕಂಪನಿಗಳು ಬೇಡ ಅಂದಿದ್ದವು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಕೊನೆಗೆ ಹೊರತಂದದ್ದು ಮುಂಬೈಯ ಸಂಗೀತ ಜೋಡಿ ವಿಶಾಲ್-ಶೇಖರ್ ಅವರ ಲೇಬಲ್. ಆ ಆಲ್ಬಂನಲ್ಲಿ ಶರೀಫರ ಎರಡು ಪದ ಉಂಟು, ಆದ್ರೆ ಹೆಚ್ಚಿನ ಹಾಡು ಹಿಂದಿ. ಇದನ್ನು ದೂರು ಅಂತ ಹೇಳುತ್ತಿಲ್ಲ, ಲೆಕ್ಕ ಅಂತ ಹೇಳುತ್ತಿದ್ದೇನೆ. ಗಾಡಿ ಮುಂಬೈಯದ್ದು ಆದಾಗ ಸಾಮಾನು ಕೂಡ ಅಲ್ಲಿನ ಸಂತೆಗೆ ಹೊಂದಬೇಕಾಗ್ತದೆ.

ಅದೇ 2008ರಲ್ಲಿ 'ಸೈಕೋ' ಅಂತ ಒಂದು ಕನ್ನಡ ಸಿನಿಮಾ ಬಂತು. ಸಂಗೀತ ರಘು ದೀಕ್ಷಿತ್. ಅದರಲ್ಲಿ ಮಾದೇಶ್ವರನ ಮೇಲೆ ಒಂದು ಹಾಡಿತ್ತು. ಚಾಮರಾಜನಗರದ ಬೆಟ್ಟದ ಮಾದಪ್ಪನ ಒಕ್ಕಲು, ಕಂಸಾಳೆಯವರು ಗೊತ್ತಲ್ಲ? ಒಂದು ಕಂಚಿನ ತಾಳ ಅಂಗೈಯಲ್ಲಿ, ಇನ್ನೊಂದು ದಾರದಲ್ಲಿ, ಬೀಸಿ ಬೀಸಿ ಹೊಡೆದು ಕುಣಿಯುವವರು. ಆ ಭಕ್ತಿಯ ಹಾಡಿನ ಬಿಸಿಯನ್ನು ಗಿಟಾರಿಗೆ ತಂದ ಹಾಡು ಅದು. ನಾನಾಗ ಐದನೇ ಕ್ಲಾಸು. ನಮ್ಮ ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರಬ್ಬರ್ ತೋಟದ ಕಾಲನಿಯಲ್ಲಿ ತಮಿಳು. ನಾಲ್ಕೂ ಕಡೆ ಆ ಹಾಡು ಕೇಳ್ತಾ ಇತ್ತು. ಹೇಗೆ ಬಂತು? ಮಾವ ಸುಳ್ಯದ ಒಂದು ಮೊಬೈಲ್ ಅಂಗಡಿಯಲ್ಲಿ 1 ಜಿ.ಬಿ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಂದಿದ್ದರು. ಅದರಿಂದ ಬ್ಲೂಟೂತ್‌ನಲ್ಲಿ ಬಸ್ಸಿನ ಕಂಡಕ್ಟರಿಗೆ, ಕಂಡಕ್ಟರಿಂದ ಅಡಿಕೆ ಸುಲಿಯುವವರಿಗೆ. ಫೈಲಿನ ಹೆಸರು 'ಟ್ರ್ಯಾಕ್ 07'. ಹಾಡಿದವರ ಹೆಸರು ಇಲ್ಲ, ಬ್ಯಾಂಡಿನ ಹೆಸರು ಇಲ್ಲ.

ಇಲ್ಲಿ ಲೆಕ್ಕ ಏನಾಯ್ತು ನೋಡಿ. ಅಂಗಡಿಯವರಿಗೆ ಕಾರ್ಡ್ ತುಂಬಿಸಿದ ದುಡ್ಡು. ಕಾಲರ್ ಟ್ಯೂನ್ ಹಾಕಿಸಿಕೊಂಡವರು ತಿಂಗಳಿಗೆ 30 ರೂಪಾಯಿ ಕೊಟ್ಟರೆ ಅದರ ದೊಡ್ಡ ಪಾಲು ಮೊಬೈಲ್ ಕಂಪನಿಗೆ, ಉಳಿದದ್ದು ಹಕ್ಕು ಇದ್ದ ಆಡಿಯೋ ಕಂಪನಿಗೆ. ಸಿನಿಮಾ ಹಾಡಿನಲ್ಲಿ ಸಾಹಿತಿಗೆ, ಸಂಗೀತಗಾರರಿಗೆ ರಾಯಲ್ಟಿಯ ಹಕ್ಕನ್ನು ಕಾನೂನು ಗಟ್ಟಿ ಮಾಡಿದ್ದು 2012ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಈ ದಶಕ ಮುಗಿದಿತ್ತು. ಅಂತೂ ಹಳ್ಳಿಗೆ ಹಾಡು ತಲುಪಿತು. ತಲುಪಿಸಿದ್ದು ಸಿನಿಮಾ ಮತ್ತು ಮೆಮೊರಿ ಕಾರ್ಡ್. ಎರಡಕ್ಕೂ ಬ್ಯಾಂಡ್ ಅನ್ನುವುದು ಬೇಕಾಗಿರಲಿಲ್ಲ.

ಇನ್ನೊಂದು ಬ್ಯಾಂಡ್ ಸ್ವರಾತ್ಮ. ಹಾಡುವವರು ವಾಸು ದೀಕ್ಷಿತ್, ರಘು ಅವರ ತಮ್ಮ. 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆ ಗೆದ್ದರು, 2009ರಲ್ಲಿ ಮೊದಲ ಆಲ್ಬಂ ಬಂತು. ಜಾತ್ರೆಯ ಕೀಲುಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ವಾಸು ವೇದಿಕೆಗೆ ಬರುತ್ತಿದ್ದರು. ಪಿಟೀಲು ಉಂಟು, ಡ್ರಮ್ಸ್ ಉಂಟು, 'ಈ ಭೂಮಿ' ಅಂತ ಕನ್ನಡದ ಹಾಡೂ ಉಂಟು. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್ ಭಾರತದ ನಾಲ್ಕು ಬ್ಯಾಂಡ್‌ಗಳನ್ನು ಆರಿಸಿ ಒಂದು ಆಲ್ಬಂ ಮಾಡಿಸಿತು. ನಾಲ್ಕರಲ್ಲಿ ಸ್ವರಾತ್ಮ ಒಂದು. ಧ್ವನಿಮುದ್ರಣ ನೋಡಿಕೊಂಡವರು ಜಾನ್ ಲೆಕಿ. ರೇಡಿಯೋಹೆಡ್ ಬ್ಯಾಂಡಿನ 'ದ ಬೆಂಡ್ಸ್' ಆಲ್ಬಂ ಮಾಡಿದವರು ಅವರೇ. ರಘು ದೀಕ್ಷಿತ್ 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲಂಡ್ ಅವರ ಕಾರ್ಯಕ್ರಮದಲ್ಲಿ, 2011ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ಹಾಡಿದರು. ಅಂದ್ರೆ, ಕನ್ನಡದ ಬ್ಯಾಂಡಿಗೆ ಲಂಡನ್ ದಾರಿ ಸಿಕ್ಕಿತು, ಬೆಳ್ಳಾರೆ ದಾರಿ ಸಿಗಲಿಲ್ಲ. ನಗು ಬರ್ತದೆ, ಆದ್ರೆ ವಿಷಯ ಅದೇ.

ಗಡಿ ದಾಟಿದರೆ ಕಾಸರಗೋಡು, ನಮಗೆ ದೂರ ಅಲ್ಲ. ಕೇರಳದಲ್ಲಿ ಅವಿಯಲ್ ಅಂತ ಬ್ಯಾಂಡ್ ತನ್ನ ಮೊದಲ ಆಲ್ಬಂ ತಂದದ್ದು ಕೂಡ 2008ರಲ್ಲೇ. ಪೂರ್ತಿ ಮಲಯಾಳಂ. ಅದನ್ನು ಕೇಳುವಾಗೆಲ್ಲ ನನಗೆ ಅನ್ನಿಸುವುದು: ನಮ್ಮಲ್ಲೂ ಪೂರ್ತಿ ಕನ್ನಡದ ಅಂಥದ್ದೊಂದು ಆಲ್ಬಂ ಆ ವರ್ಷ ಬಂದಿದ್ದರೆ? ಪದ ಇತ್ತು, ನುಡಿಸುವವರು ಇದ್ದರು, ಅರಮನೆ ಮೈದಾನ ತುಂಬಿಸುವಷ್ಟು ಜನ ಇದ್ದರು.

ಹಾಗಾದ್ರೆ ಈಗ ದಾರಿ ತೆರೆದಿದೆಯಲ್ಲ, ಯಾಕೆ ಹಳೆ ಪುರಾಣ ಅಂತ ಕೇಳಬಹುದು. ಹೌದು, ಆಲ್ ಓಕೆ, ಚಂದನ್ ಶೆಟ್ಟಿಯಂಥವರು ಯೂಟ್ಯೂಬ್ ದಾರಿಯಲ್ಲೇ ಬಂದು ಮನೆಮಾತಾದರು. ಒಳ್ಳೆಯದೇ. ಆದ್ರೆ ಆ ಖಾಲಿ ಜಾಗದಲ್ಲಿ ನುಡಿಸಿದ ಎಷ್ಟೋ ಹುಡುಗರಿಗೆ ಆಲ್ಬಂ ಇರಲಿಲ್ಲ, ಸಿನಿಮಾ ಇರಲಿಲ್ಲ. ಅವರ ಕಾಲದ ಬ್ಯಾಂಡ್‌ಗಳು ಹಾಡು ಇಡುತ್ತಿದ್ದದ್ದು ಮೈಸ್ಪೇಸ್‌ನಂಥ ತಾಣಗಳಲ್ಲಿ, ಸುದ್ದಿ ಹಂಚುತ್ತಿದ್ದದ್ದು ಆರ್ಕುಟ್‌ನಲ್ಲಿ. ಆರ್ಕುಟ್ 2014ರಲ್ಲಿ ಮುಚ್ಚಿತು. ಮೈಸ್ಪೇಸ್ ತನ್ನ ಸರ್ವರ್ ಬದಲಿಸುವಾಗ 2016ಕ್ಕಿಂತ ಹಿಂದಿನ ಹಾಡುಗಳನ್ನು ಕಳಕೊಂಡಿತು ಅಂತ 2019ರಲ್ಲಿ ಗೊತ್ತಾಯ್ತು. 5 ಕೋಟಿಗೂ ಹೆಚ್ಚು ಹಾಡು ಅಂತ ವರದಿಯಾಗಿತ್ತು. ಆಮೇಲೆ ಇಂಟರ್ನೆಟ್ ಆರ್ಕೈವ್ ಕೈಗೆ ಸಿಕ್ಕಿದ್ದು ಸುಮಾರು 4.9 ಲಕ್ಷ. ನೂರರಲ್ಲಿ ಒಂದು ಕೂಡ ಇಲ್ಲ.

1978ರ ಕ್ಯಾಸೆಟ್ ಇವತ್ತೂ ಯಾರದ್ದಾದರೂ ಅಟ್ಟದಲ್ಲಿ ಸಿಗಬಹುದು. 2008ರ ಹಾಡು ಸಿಗುವುದು ಕಷ್ಟ. ಹತ್ತಿರದ ಕಾಲ ದೂರದ ಕಾಲಕ್ಕಿಂತ ಬೇಗ ಅಳಿಸಿಹೋಗ್ತಾ ಉಂಟು.

ಅದಕ್ಕೆ ಒಂದು ವಿನಂತಿ. ನಿಮ್ಮ ಅಣ್ಣ, ಮಾವ, ಅಕ್ಕ ಯಾರಾದರೂ ಆ ಕಾಲದಲ್ಲಿ ಸುಳ್ಯ, ಪುತ್ತೂರು, ಮಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಬ್ಯಾಂಡ್ ಕಟ್ಟಿ ನುಡಿಸಿದ್ದರೆ, ಕನ್ನಡ ಆಗಲಿ, ತುಳು ಆಗಲಿ, ಅರೆಭಾಷೆ ಆಗಲಿ, ಕೇಳಿ ನೋಡಿ. ಹಳೆ ಕಂಪ್ಯೂಟರಿನ ಹಾರ್ಡ್ ಡಿಸ್ಕು, ಕೈಯಲ್ಲಿ ಬರೆದ ಸಿ.ಡಿ., ಕೀಪ್ಯಾಡ್ ಮೊಬೈಲಿನ ಕಾರ್ಡು, ಯಾವುದನ್ನೂ ಗುಜರಿಗೆ ಹಾಕಬೇಡಿ. ಎರಡು ಕಡೆ ಪ್ರತಿ ಮಾಡಿ ಇಡಿ. ಫೈಲಿಗೆ ಸರಿಯಾಗಿ ಹೆಸರು ಕೊಡಿ: ಬ್ಯಾಂಡ್ ಯಾವುದು, ವರ್ಷ ಯಾವುದು, ಹಾಡಿದ್ದು ಯಾರು, ಡ್ರಮ್ಸ್ ಯಾರದ್ದು, ಪದ ಬರೆದದ್ದು ಯಾರು. ಅವರು ಒಪ್ಪಿದರೆ ನನಗೂ ಕಳಿಸಿ, ಹೆಸರು ಹೇಳಿಯೇ ಇಲ್ಲಿ ಕೇಳಿಸ್ತೇನೆ.

ಮುಂದಿನ ಸಂಚಿಕೆಯಲ್ಲಿ ತುಳು ನಾಟಕದ ಕ್ಯಾಸೆಟ್ ವ್ಯಾಪಾರದ ಬಗ್ಗೆ ಮಾತಾಡುವ.